ತೈ ಅಮಾವಾಸ್ಯೆಯ ತಾಮ್ರದ ಸುರುಳಿ

ತೈ ತಿಂಗಳ ಚಳಿ. ಅಮಾವಾಸ್ಯೆ ಕಳೆದ ಮರುದಿನ, ಶುಕ್ರವಾರ ಬೆಳಗ್ಗೆ. ಎಂಬತ್ತೇಳನೇ ಇಸವಿಯ ಮಾತು. ತಮಿಳು ಸೀಮೆಯ ಸಿಂಗಾನಲ್ಲೂರು ಕೆರೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಮಿಲ್ಲಿನ ಮೊದಲ ಸೈರನ್ ಕೂಗಿ ನಿಲ್ಲುವುದಕ್ಕೂ ತಿರುಮಲೈಸಾಮಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದಕ್ಕೂ ಸರಿಹೋಯಿತು.

ಅರವತ್ತರ ಆಸುಪಾಸಿನ ಮನುಷ್ಯ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಹಣೆಯಲ್ಲಿ ವಿಭೂತಿ.

"ಕಾಯಿಲು ಹೋಯ್ತುಂಗ ಸಾರ್," ಎಂದರು ತಮಿಳಿನಲ್ಲಿ. "ನಮ್ಮ ರಿಫೈನರಿಯ ತಾಮ್ರದ ಕಾಯಿಲು, ಸುರುಳಿ ಸುತ್ತಿದ ಕೊಳವೆ. ಯಾರೋ ಎತ್ಕೊಂಡು ಹೋಗಿದಾರೆ."

ಸಬ್ ಇನ್ಸ್‌ಪೆಕ್ಟರ್ ಶಿವಲಿಂಗಂ ತಲೆ ಎತ್ತಿದ. "ರಿಫೈನರಿಯಾ? ಅದು ಕೊಚ್ಚಿಯಲ್ಲಲ್ವಾ ಇರೋದು?"

"ಅದು ಸರ್ಕಾರದ್ದು ಸಾರ್. ಇದು ನಂದು."

ಶಿವಲಿಂಗಂಗೆ ಒಂದು ಚಾಳಿ ಇತ್ತು. ಯಾವ ಯಂತ್ರದ ಹೆಸರು ಕಿವಿಗೆ ಬಿದ್ದರೂ ಅದು ಏನು ಮಾಡುತ್ತದೆ ಎಂದು ತಿಳಿಯದೆ ಅವನಿಗೆ ಊಟ ಸೇರುತ್ತಿರಲಿಲ್ಲ. ಟೋಪಿ ಎತ್ತಿಕೊಂಡ. ಕಾನ್‌ಸ್ಟೇಬಲ್ ತಂಗವೇಲು ಹಿಂದೆಯೇ ಹೊರಟ.

*

ಕೆರೆಯಾಚೆ ಒಂದು ತಗಡಿನ ಶೆಡ್ಡು. ಒಳಗೆ ಕಬ್ಬಿಣದ ದೊಡ್ಡ ಕೊಪ್ಪರಿಗೆ. ಅದರ ಕೆಳಗೆ ಒಲೆ. ಒಲೆಗೆ ಕಬ್ಬಿಣದ ಬಾಗಿಲು. ಕೊಪ್ಪರಿಗೆಯ ಒಂದು ಪಕ್ಕದಲ್ಲಿ ನೀರಿನ ತೊಟ್ಟಿ, ಇನ್ನೊಂದು ಪಕ್ಕದಲ್ಲಿ ಎಣ್ಣೆ ಕಾಯಿಸಿ ತಳದಲ್ಲಿ ಉಳಿದದ್ದನ್ನು ಸುರಿಯಲು ಇಟ್ಟಿಗೆ ಕಟ್ಟೆ ಕಟ್ಟಿದ ಟಾರು ಗುಂಡಿ. ನೀರಿನ ತೊಟ್ಟಿ ಬರಿದಾಗಿತ್ತು. ಕಾಯಿಲು ಇದ್ದ ಜಾಗದಲ್ಲಿ ನಾಲ್ಕು ಬೋಲ್ಟಿನ ತೂತು ಮಾತ್ರ ಉಳಿದಿತ್ತು.

"ಗೇಟು ತೆಗೆದೆ, ತೊಟ್ಟಿ ಕಂಡಿತು, ಓಡಿ ಬಂದೆ," ಎಂದರು ತಿರುಮಲೈಸಾಮಿ. "ಒಂದನ್ನೂ ಮುಟ್ಟಿಲ್ಲ. ಬುಧವಾರ ಸಂಜೆ ಒಲೆ ಆರಿಸಿದ್ದು. ಇವತ್ತು ಹೊತ್ತಿಸಬೇಕಾಗಿತ್ತು."

"ಎಷ್ಟು ದೊಡ್ಡದು?"

"ನಿಂತರೆ ನನ್ನ ಎದೆಮಟ್ಟ. ಇಬ್ಬರು ಬೇಕು ಎತ್ತೋಕೆ."

ಶಿವಲಿಂಗಂ ಸುತ್ತ ನೋಡಿದ. ಗೇಟಿನ ಬೀಗ ಒಡೆದಿಲ್ಲ. ಗೋಡೆ ಹಾರಿದ ಗುರುತಿಲ್ಲ. ಒಲೆಯ ಬಾಗಿಲಿಗೆ ಅರಿಸಿನ ಮೆತ್ತಿ ಕುಂಕುಮ ಇಟ್ಟಿದ್ದರು. ಅರಿಸಿನ ಕಂದಿ, ಬಿರುಕು ಬಿಟ್ಟಿತ್ತು. ಕೆಳಗೆ ಹಿಂಡಿದ ನಿಂಬೆಹಣ್ಣಿನ ಎರಡು ಹೋಳುಗಳಿಗೆ ಇರುವೆ ಮುತ್ತಿದ್ದವು. ಮೇಲೆ ಚೈನ್ ಪುಲ್ಲಿಯ ಕೊಕ್ಕೆ ಅಲ್ಲಾಡದೆ ಇಳಿಬಿದ್ದಿತ್ತು.

ಟಾರು ಗುಂಡಿಯ ಕಟ್ಟೆಗೆ ಒತ್ತಿಕೊಂಡು ಒಂದು ಬೀದಿನಾಯಿ ಮುದುರಿ ಮಲಗಿತ್ತು. ತಂಗವೇಲು ಅದನ್ನು ಓಡಿಸಿ, ತಾನೇ ಕಟ್ಟೆಯ ಮೇಲೆ ಕೂತ. ನಾಯಿ ಗುರ್ ಎಂದಿತು.

"ಏಳಯ್ಯ. ನಿನ್ನ ಮನೆ ತಿಣ್ಣೆಯಾ ಇದು?"

"ಎರಡು ನಿಮಿಷ ಸಾರ್. ಕೈಕಾಲು ಮರಗಟ್ಟಿದೆ. ಇಲ್ಲಿ ಸುಖವಾಗಿದೆ."

"ಏಯ್, ಆ ನಾಯಿನ ಆಚೆ ಓಡ್ಸು!" ತಿರುಮಲೈಸಾಮಿ ಯಾರಿಗೋ ಕೂಗಿದರು. ಅದು ತಮಿಳಲ್ಲ. ಕನ್ನಡ.

ಶಿವಲಿಂಗಂ ಕನ್ನಡದಲ್ಲಿಯೇ ಕೇಳಿದ: "ನಿಮ್ದೂ ನಮ್ಮ ಮಾತೇನಾ?"

ಮುದುಕರ ಮುಖ ಒಂದು ಗಳಿಗೆ ಬಿಗಿದು ಆಮೇಲೆ ಸಡಿಲವಾಯಿತು. "ಮನೇಲಿ ಅಷ್ಟೆ ಸಾಮಿ. ನಮ್ಮಪ್ಪ ಮಗ್ಗದೋರು. ಎಪ್ಪತ್ತಮೂರರಲ್ಲಿ ಅರಬ್ ಕಡೆ ಯುದ್ಧ ಬಂತಲ್ಲ, ಎಣ್ಣೆ ರೇಟು ಬೆಂಕಿ ಆಯ್ತಲ್ಲ, ಆವಾಗ ಮಗ್ಗ ಬಿಟ್ಟು ಇದಕ್ಕೆ ಕೈ ಹಾಕ್ದೆ. ಮಿಲ್ಲೋರು ಚೆಲ್ಲೋ ಹಳೇ ಎಣ್ಣೆ ತರ್ತೀವಿ. ಕಾಯಿಸ್ತೀವಿ, ಆಸಿಡ್ ಹಾಕ್ತೀವಿ, ಮಣ್ಣು ಹಾಕಿ ಬಟ್ಟೇಲಿ ಸೋಸ್ತೀವಿ. ಜೇನಿನ ಬಣ್ಣ ಬರುತ್ತೆ. ಅದನ್ನೇ ತಿರುಗಿ ಮಿಲ್ಲಿಗೆ ಕೊಡ್ತೀವಿ."

"ಕಾಯಿಲು ಯಾತಕ್ಕೆ?"

"ಕಾದ ಎಣ್ಣೆಯಿಂದ ಹಬೆ ಏಳುತ್ತಲ್ಲ, ಅದು ಕಾಯಿಲಿನೊಳಗೆ ಸುತ್ತಿ ಸುತ್ತಿ ಬಂದು ನೀರಲ್ಲಿ ತಣ್ಣಗಾಗಬೇಕು. ಅದಿಲ್ಲದಿದ್ರೆ ಈ ಶೆಡ್ಡು ಬರೀ ತಗಡು."

"ಗೇಟಿನ ಕೀ ಯಾರ ಹತ್ರ?"

ತಿರುಮಲೈಸಾಮಿ ಟವೆಲ್ಲನ್ನು ಆ ಹೆಗಲಿಂದ ಈ ಹೆಗಲಿಗೆ ಹಾಕಿಕೊಂಡರು. "ಯಾರ ಹೆಸರೂ ನಾನು ಹೇಳಲ್ಲ ಸಾಮಿ. ಕೀ ಇರೋದು ಎರಡು. ಒಂದು ನಂದು. ಇನ್ನೊಂದು ದಂಡಪಾಣಿದು."

*

ದಂಡಪಾಣಿ ಒಲೆ ನೋಡಿಕೊಳ್ಳುವವನು. ಹದಿನಾರಕ್ಕೆ ಬಂದು ಸೇರಿದವನಿಗೆ ಈಗ ಇಪ್ಪತ್ತೆಂಟು. ಕೆಲಸಕ್ಕೆಂದು ಗೇಟಿಗೆ ಬಂದವನನ್ನು ತಂಗವೇಲು ಅಲ್ಲಿಂದಲೇ ಠಾಣೆಗೆ ಕರೆದೊಯ್ದ. ಅಮಾವಾಸ್ಯೆಗೆ ಅಪ್ಪನಿಗೆ ಎಳ್ಳುನೀರು ಬಿಡಲು ಪೇರೂರಿಗೆ ಹೋಗಿದ್ದೆ, ಸಂಜೆ ಬಂದು ರೂಮಿನಲ್ಲಿ ಮಲಗಿದೆ ಎಂದ. ಕಂಡವರು ಯಾರೂ ಇಲ್ಲ.

"ಸಾರ್, ನನ್ನ ಮೇಲೆ ಕೇಸು ಮಾತ್ರ ಬರೀಬೇಡಿ," ಎಂದ. "ಕೊಚ್ಚಿ ರಿಫೈನರಿಯಲ್ಲಿ ಕೆಲಸ ಆಗಿದೆ. ಸೋಮವಾರ ಸೇರಬೇಕು. ಪೊಲೀಸ್ ರಿಪೋರ್ಟಲ್ಲಿ ಹೆಸರು ಬಂದ್ರೆ ಗೇಟೊಳಗೇ ಬಿಡಲ್ಲ."

"ಅಲ್ಲೂ ಒಲೇನಾ?"

ಭಯದ ನಡುವೆಯೂ ಅವನ ಕಣ್ಣು ಬೆಳಗಿತು. "ನಮ್ಮ ಕೊಪ್ಪರಿಗೆ ಒಂದೇ ಮಹಡಿ ಸಾರ್. ಅಲ್ಲಿ ಗೋಪುರದಂಥ ಕಂಬ. ಹಡಗಲ್ಲಿ ಬಂದ ಕಚ್ಚಾ ಎಣ್ಣೆ ಕಾಯಿಸಿ ಒಳಗೆ ಬಿಡ್ತಾರೆ. ಹಗುರ ಇರೋದು ಮೇಲೆ ಹತ್ತುತ್ತೆ, ಭಾರ ಇರೋದು ಕೆಳಗೇ ನಿಲ್ಲುತ್ತೆ. ತುದೀಲಿ ಗ್ಯಾಸು, ಆಮೇಲೆ ಪೆಟ್ರೋಲು, ಸೀಮೆಎಣ್ಣೆ, ಡೀಸಲ್. ತಳದಲ್ಲಿ ಟಾರು. ಒಂದೇ ಮನೇಲಿ ಅಷ್ಟೂ ಜನ."

ಕಳ್ಳನೋ ಅಲ್ಲವೋ, ಇವನ ಮಾತು ಕೇಳಬೇಕು ಎನಿಸುತ್ತದೆ ಎಂದುಕೊಂಡ ಶಿವಲಿಂಗಂ. ಬಾಯಲ್ಲಿ ಮಾತ್ರ, "ಬೆಂಚಿನ ಮೇಲೆ ಕೂತಿರು. ಸಂಜೆವರೆಗೆ ನೋಡ್ತೀನಿ," ಎಂದ.

ತಂಗವೇಲುವನ್ನು ಉಕ್ಕಡಂನ ಹಳೇ ಸಾಮಾನಿನ ಅಂಗಡಿಗಳಿಗೆ ಅಟ್ಟಿದ. ಅವನು ಹೊತ್ತು ನೆತ್ತಿಗೇರುವಾಗ ಬಂದ. ಜೊತೆಗೆ ಮೀನಿನ ವಾಸನೆಯೂ ಬಂತು.

"ತಾಮ್ರ ಹುಡುಕೋಕೆ ಹೋದ್ಯಾ, ವಂಜರಂ ಮೀನು ಹುಡುಕೋಕೆ ಹೋದ್ಯಾ?"

"ಸಾರ್, ಒಂದು ಕಾಯಿಲು ಸಿಕ್ತು! ಆದ್ರೆ ನಮ್ದಲ್ಲ. ತಿರುಪ್ಪೂರಿನ ಬಟ್ಟೆಗೆ ಬಣ್ಣ ಹಾಕೋ ಕಾರ್ಖಾನೆಯೋರು ಹೋದ ವಾರ ಮಾರಿದ್ದು. ರಸೀತಿ ಇದೆ, ಫೋನ್ ಮಾಡಿ ಕೇಳ್ದೆ. ಎದೆಮಟ್ಟದ ಕಾಯಿಲು ಯಾವ ಅಂಗಡಿಗೂ ಬಂದಿಲ್ಲ."

"ಮೀನು?"

"ಅದು ಮನೆಗೆ ಸಾರ್."

*

ಮಧ್ಯಾಹ್ನ ಶಿವಲಿಂಗಂ ಊಟಕ್ಕೆ ಮನೆಗೆ ಹೋದ. ನಡುಮನೆಯಲ್ಲಿ ಮಗ್ಗ. ತಾಯಿ ಕಾಳಿಯಮ್ಮ ಮಗ್ಗದ ಕಂಬಕ್ಕೆ ಅರಿಸಿನ ಹಚ್ಚುತ್ತಿದ್ದಳು.

"ಅಮ್ಮಾ, ಊಟ."

"ಇರು ಕಣೋ. ಅಮಾವಾಸ್ಯೆ ಕಳ್ದು ಮೊದಲ ಎಳೆ. ನಿಂಬೆಹಣ್ಣು ಹಿಂಡಿ, ಕರ್ಪೂರ ಹಚ್ಚಿ, ಆಮೇಲೆ ತಾನೇ ಲಾಳಿ ಮುಟ್ಟೋದು? ಪೊಲೀಸಾದ ಮೇಲೆ ಅದೂ ಮರ್ತು ಹೋಯ್ತಾ?"

"ಒಂದು ಸಲ ಬಿಟ್ರೆ ಏನಾಗುತ್ತೆ?"

ಕಾಳಿಯಮ್ಮ ಮಗನನ್ನು ಮೇಲಿಂದ ಕೆಳಗೆ ನೋಡಿದಳು. "ನಿನ್ನ ತಾತನಿಗೆ ಜ್ವರ ಬಂದು ಕಣ್ಣು ಬಿಡೋಕಾಗ್ತಿರಲಿಲ್ಲ. ಆಗಲೂ ಗೋಡೆ ಹಿಡ್ಕೊಂಡು ಬಂದು ಅರಿಸಿನ ಇಟ್ಟೇ ಹೋದ್ರು. ಬಿಟ್ರೆ ಕೈಯೇ ಓಡಲ್ವೋ."

ಪೂಜೆ ಮುಗಿಸಿ ಅವಳು ಬಡಿಸಿದಳು. ಕಲಸಿದ ಮೊದಲ ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಶಿವಲಿಂಗಂನ ಕೈ ನಿಂತಿತು. ಒಲೆಯ ಬಾಗಿಲು ಕಣ್ಣ ಮುಂದೆ ಬಂತು. ಒಂದನ್ನೂ ಮುಟ್ಟಿಲ್ಲ ಎಂದಿದ್ದರು ತಿರುಮಲೈಸಾಮಿ. ಹಾಗಾದರೆ ಅಲ್ಲಿ ನಿಂಬೆಹಣ್ಣು ಹಿಂಡಿದವರು ಯಾರು? ಅಮ್ಮನ ಕೈಯಲ್ಲಿ ಹೊಸ ಅರಿಸಿನ ಹಳದಿಯಾಗಿ ಹೊಳೆಯುತ್ತಿತ್ತು. ಅಲ್ಲಿಯದು ಕಂದಿ ಬಿರುಕು ಬಿಟ್ಟಿತ್ತು.

"ಅನ್ನ ಬಿಟ್ಟು ಎಲ್ಲಿಗೋ?"

"ಬಂದೆ ಅಮ್ಮಾ!"

ಶೆಡ್ಡಿನ ಎದುರು ಅಂಗಮ್ಮನ ಟೀ ಅಂಗಡಿ. ಶಿವಲಿಂಗಂ ಬೆಂಚಿನ ಮೇಲೆ ಕೂತು ಟೀ ಹೇಳಿದ.

"ಅಕ್ಕಾ, ನಿನ್ನೆ ಈ ಕಡೆ ಏನಾದ್ರೂ ಸದ್ದು?"

"ಸದ್ದಿಲ್ಲ ಸಾಮಿ, ವಾಸನೆ. ಕತ್ತಲಾಗ್ತಿದ್ದ ಹಾಗೆ ಟಾರು ಕಾಯಿಸೋಕೆ ಶುರು ಮಾಡಿದ್ರು. ಸಾಂಬಾರು ಇಳಿಸಿದ್ರೆ ರೋಡು ಹಾಕಿದ ವಾಸನೆ. ನನ್ನ ಗಂಡ ತಟ್ಟೆ ತಳ್ಳಿ ಎದ್ದುಹೋದ."

"ಬೆಳಗ್ಗೆ ನಾನು ಕೇಳಿದಾಗ ಯಾಕೆ ಹೇಳಲಿಲ್ಲ?"

"ನೀವು ತಾಮ್ರ ಕೇಳಿದ್ರಿ. ವಾಸನೆ ಕೇಳಿದ್ರಾ? ವರ್ಷಗಟ್ಟಲೆ ಇದೇ ವಾಸನೇಲಿ ಟೀ ಕಾಯಿಸ್ತಾ ಇದೀನಿ. ಅದಕ್ಕೆ ಯಾರು ದೂರು ಕೊಡ್ತಾರೆ?"

*

ಠಾಣೆಗೆ ಬಂದವನೇ ದಂಡಪಾಣಿಯನ್ನು ಕೇಳಿದ.

"ಅಮಾವಾಸ್ಯೆ ಮುಂಚೆ ಶೆಡ್ಡಲ್ಲಿ ಏನೇನು ಮಾಡ್ತೀರಿ?"

"ಒಲೆ ಆರಿಸ್ತೀವಿ. ಕೊಪ್ಪರಿಗೆ ತೊಳೀತೀವಿ. ಟಾರು ಗುಂಡಿ ಖಾಲಿ ಮಾಡ್ತೀವಿ. ಗಡ್ಡೆ ಒಡೆದು ಮೂಲೇಲಿ ಪೇರಿಸ್ತೀವಿ. ಹೊಸ ಪಕ್ಷಕ್ಕೆ ಗುಂಡಿ ಬರಿದಾಗಿರಬೇಕು, ನಮ್ಮ ಧಣಿ, ಮೊದಲಾಳಿ ಕಟ್ಟಳೆ ಅದು. ಬುಧವಾರ ನಾನೇ ಕೈಯಾರೆ ಕೆರೆದು ತೆಗೆದೆ."

"ಆಮೇಲೆ ಒಲೆ ಹೊತ್ತಿಸೋದು?"

"ಮೊದಲ ಬೆಂಕಿ ಮೊದಲಾಳಿ ಕೈಯಿಂದಲೇ. ಪೂಜೇನೂ ಅವರದೇ. ನಾವು ಆಚೆ ನಿಂತಿರ್ತೀವಿ. ಇಷ್ಟು ವರ್ಷದಲ್ಲಿ ಆ ಬಾಗಿಲಿಗೆ ನಾನು ಒಂದು ಬೊಟ್ಟು ಇಟ್ಟವನಲ್ಲ."

ಶಿವಲಿಂಗಂ ಟೋಪಿ ಹಾಕಿಕೊಂಡ. "ಎದ್ದೇಳು. ತಂಗವೇಲು, ಹಾರೆ ತಗೊ."

*

ಬಿಸಿಲು ಇಳಿಯುತ್ತಿತ್ತು. ತಿರುಮಲೈಸಾಮಿ ಶೆಡ್ಡಿನ ಮುಂದೆ ಒಬ್ಬರೇ ಕೂತಿದ್ದರು. ಹಾರೆ ಕಂಡು ಎದ್ದು ನಿಂತರು.

ಶಿವಲಿಂಗಂ ನೇರ ಟಾರು ಗುಂಡಿಯ ಹತ್ತಿರ ಹೋದ. ನಾಯಿ ಮತ್ತೆ ಅದೇ ಜಾಗದಲ್ಲಿ ಮುದುರಿಕೊಂಡಿತ್ತು. ಇಟ್ಟಿಗೆಯ ಮೇಲೆ ಅಂಗೈ ಇಟ್ಟ. ಇನ್ನೂ ಬೆಚ್ಚಗಿತ್ತು.

"ತಂಗವೇಲು, ಬೆಳಗ್ಗೆ ಇಲ್ಲಿ ಸುಖವಾಗಿದೆ ಅಂದ್ಯಲ್ಲ, ಯಾಕೆ?"

"ಬೆಚ್ಚಗಿತ್ತು ಸಾರ್." ಅವನು ತಡೆದ. "ಅಯ್ಯಯ್ಯೋ. ಒಲೆ ಆರಿ ಎರಡು ದಿನ ಆಗಿತ್ತಲ್ವಾ!"

"ಕಂಡುಹಿಡಿದಿದ್ದು ನೀನೇ. ನಿನ್ನ ತಲೆಗೆ ಅದು ಹತ್ತಲಿಲ್ಲ ಅಷ್ಟೆ. ನನ್ನ ತಲೆಗೂ ಹತ್ತಲಿಲ್ಲ."

ದಂಡಪಾಣಿ ಗುಂಡಿಯೊಳಗೆ ಬಗ್ಗಿ ನೋಡಿದ. ಕಂಠಮಟ್ಟ ಕಪ್ಪು ಟಾರು. ಮೂಲೆಯ ಕಡೆ ತಿರುಗಿದ. ಪೇರಿಸಿದ್ದ ಗಡ್ಡೆಗಳಿರಲಿಲ್ಲ. ತಂಗವೇಲುವಿನ ಕೈಯಿಂದ ಹಾರೆ ಇಸಿದುಕೊಂಡ.

"ಒಡಿ," ಎಂದ ಶಿವಲಿಂಗಂ.

ಹಾರೆಯ ಏಟಿಗೆ ಮೇಲಿನ ಪದರ ಗಾಜಿನಂತೆ ಸಿಡಿಯಿತು. ಒಳಗೆ ಇನ್ನೂ ಮೆತ್ತಗೆ. ಇನ್ನೆರಡು ಏಟು. ಠಣ್ ಎಂದಿತು. ಕಪ್ಪಿನ ನಡುವೆ ಕೆಂಪಗೆ ತಾಮ್ರ ಮಿಂಚಿತು.

ಶಿವಲಿಂಗಂ ಕಟ್ಟೆಯ ಮೇಲೆ ಕೂತ.

"ಕದ್ದವನಿಗೆ ದುಡ್ಡು ಬೇಕಾಗಿದ್ರೆ ಇದು ಉಕ್ಕಡಂ ಸೇರಿರ್ತಿತ್ತು. ಇಲ್ಲೇ ಹೂತವನಿಗೆ ಇದು ಇಲ್ಲೇ ವಾಪಸ್ ಬೇಕು. ಇಬ್ಬರು ಹೊರೋ ವಸ್ತುನ ಒಬ್ಬ ಹೇಗೆ ತಂದ? ಮೇಲೆ ನೋಡಿ. ಕೊಕ್ಕೆ ನೀರಿನ ತೊಟ್ಟಿ ಮೇಲಿಲ್ಲ, ಗುಂಡಿ ಮೇಲಿದೆ. ಗಡ್ಡೆಗಳನ್ನ ಕೊಪ್ಪರಿಗೇಲಿ ಕರಗಿಸಿ ಅದರ ಮೇಲೆ ಬಿಟ್ಟಿದಾರೆ. ಅಂಗಮ್ಮಕ್ಕನ ಸಾಂಬಾರು ಕೆಟ್ಟಿದ್ದು ಅದರಿಂದ. ಯಾವಾಗಲೂ ಕಪ್ಪಗಿರೋ ಗುಂಡೀನ ಯಾರೂ ನೋಡಲ್ಲ."

"ಕೀ ಅವನ ಹತ್ರಾನೂ ಇತ್ತು," ಎಂದರು ತಿರುಮಲೈಸಾಮಿ. ಧ್ವನಿಯಲ್ಲಿ ಬಲವಿರಲಿಲ್ಲ.

"ಇತ್ತು. ಅವನಾಗಿದ್ರೆ ಸುಮ್ನೆ ಕಡ್ಡಿ ಗೀರಿ ಒಲೆ ಹೊತ್ತಿಸ್ತಿದ್ದ. ಕಳ್ಳತನಕ್ಕೆ ಬಂದೋನು ಒಲೆಗೆ ಅರಿಸಿನ ಹಚ್ತಾನಾ? ಕರ್ಪೂರ ಬೆಳಗ್ತಾನಾ? ನೋಡಿ, ಆ ಅರಿಸಿನ ಬೆಂಕಿ ಕಾವಿಗೆ ಸುಟ್ಟು ಕಂದಿದೆ. ಅಂದ್ರೆ ಪೂಜೆ ಮುಗಿದ ಮೇಲೆ ಒಲೆ ಉರಿದಿದೆ. ಅಮಾವಾಸ್ಯೆ ಕಳೆದು ಮೊದಲ ಬೆಂಕಿ. ಅದನ್ನ ಬಿಡೋಕೆ ನಿಮ್ಮ ಕೈಲಿ ಆಗಲಿಲ್ಲ. ನಮ್ಮ ಮನೇಲೂ ಆಗಲ್ಲ."

ತಿರುಮಲೈಸಾಮಿ ಬಾಗಿಲಿನ ಕಡೆ ನೋಡಿದರು. ಆ ಕಂದಿದ ಅರಿಸಿನವನ್ನು ಈಗಷ್ಟೇ ಕಂಡವರ ಹಾಗೆ.

"ಅಮಾವಾಸ್ಯೆ ಸಂಜೆಗೇ ಕಳೀತು ಸಾಮಿ. ಪಂಚಾಂಗ ನೋಡೇ ಹೊತ್ತಿಸ್ದೆ," ಎಂದರು. "ಸುಮ್ನೆ ಹೊತ್ತಿಸೋಕೆ ಧೈರ್ಯ ಬರಲಿಲ್ಲ."

"ಯಾಕೆ ಮಾಡಿದ್ರಿ?"

"ಇವನು ಹೋದ್ರೆ ಈ ಒಲೆ ಯಾರು ನೋಡ್ತಾರೆ? ಸೋಮವಾರ ಒಂದು ದಾಟಿದ್ರೆ ಆ ಕೆಲಸ ಬೇರೆಯೋನಿಗೆ ಹೋಗ್ತಿತ್ತು. ಮಂಗಳವಾರ ನಾನೇ ಗುಂಡಿ ಒಡೆದು, ಸಿಕ್ತು ಅಂತ ಬಂದು ಹೇಳ್ತಿದ್ದೆ. ಜೈಲಿಗೆ ಕಳಿಸಬೇಕು ಅಂತಲ್ಲ ಸಾಮಿ. ಇರಲಿ ಅಂತ."

ದಂಡಪಾಣಿ ಹಾರೆ ಕೆಳಗಿಟ್ಟ. "ಇಡೀ ದಿನ ಠಾಣೆ ಬೆಂಚಿನ ಮೇಲೆ ಕೂತಿದ್ದೆ ಮೊದಲಾಳಿ. ಹೋಗೋ ಬರೋರೆಲ್ಲ ನೋಡಿದ್ರು. ಇರೋ ಅಂತ ಬಾಯಿಬಿಟ್ಟು ಒಂದು ಮಾತು ಕೇಳೋಕಾಗಲಿಲ್ವಾ?"

"ಕೇಳಿದ್ರೆ ಇರ್ತಿದ್ಯಾ?"

"ಇಲ್ಲ. ಆದ್ರೆ ಇನ್ನೊಬ್ಬನಿಗೆ ಕಲಿಸಿಕೊಟ್ಟು ಹೋಗ್ತಿದ್ದೆ."

*

ದಂಡಪಾಣಿಯ ಹೆಸರು ಯಾವ ಕಾಗದಕ್ಕೂ ಏರಲಿಲ್ಲ. ಸುಳ್ಳು ದೂರು ಕೊಟ್ಟ ಕೇಸು ತಿರುಮಲೈಸಾಮಿಯ ಮೇಲೆ ಬಿತ್ತು. ಅವರು ಮರುಮಾತಾಡದೆ ರುಜು ಹಾಕಿದರು. ಮುಂದೆ ಕೋರ್ಟಿನಲ್ಲಿಯೂ ಒಪ್ಪಿಕೊಂಡು ದಂಡ ಕಟ್ಟಿದರು.

ಶನಿವಾರ ಶಿವಲಿಂಗಂ ಆ ದಾರಿಯಲ್ಲಿ ಹೋಗುವಾಗ ಶೆಡ್ಡಿನೊಳಗೆ ಇಣುಕಿದ. ದಂಡಪಾಣಿ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಕಾಯಿಲಿನ ಟಾರು ಒರೆಸುತ್ತಿದ್ದ. ಇನ್ನೊಂದು ತುದಿಯನ್ನು ತಿರುಮಲೈಸಾಮಿ ಒರೆಸುತ್ತಿದ್ದರು. ಸಂಜೆಗೆ ಕಾಯಿಲು ತೊಟ್ಟಿಯೊಳಗೆ ಕೂತಿತು.

ತಿರುಮಲೈಸಾಮಿ ಹೊಸ ಅರಿಸಿನ ಕಲಸಿ ತಂದರು. ಬಾಗಿಲಿನ ಮುಂದೆ ನಿಂತು, ಬಟ್ಟಲನ್ನು ದಂಡಪಾಣಿಯ ಕಡೆ ಚಾಚಿದರು.

"ಈ ಸಲ ನೀನು ಹಚ್ಚು."

ಅವನು ಕೈಯನ್ನು ಅಂಗಿಗೆ ಒರೆಸಿಕೊಂಡು, ಹಚ್ಚಿದ. ಒಲೆ ಹೊತ್ತಿಕೊಂಡಿತು.

ಭಾನುವಾರ ಬೆಳಗ್ಗೆ ಒಂದು ತಗಡಿನ ಪೆಟ್ಟಿಗೆ ಹಿಡಿದು ದಂಡಪಾಣಿ ಕೊಚ್ಚಿಯ ರೈಲು ಹತ್ತಿ ಹೋದ.