ಥರ್ಮೋಕೋಲಿನ ಎರಡು ಖಂಡಗಳು

ಆಫ್ರಿಕಾ ಮತ್ತು ದಕ್ಷಿಣ ಅಮೆರಿಕ ಕೂದಲೆಳೆಯಷ್ಟೂ ಸಂದಿಯಿಲ್ಲದೆ ಕೂಡಿಕೊಂಡದ್ದನ್ನು ನೋಡಿ ವಿನೋದಾಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ವರ್ಷದಿಂದ ಅವಳಿಗೆ ಸಿಟ್ಟೂ ಇಲ್ಲ, ನಗುವೂ ಇಲ್ಲ.

"ಒಂದೇ ಸಲ ತಂತಿ ಓಡಿಸಿ ಎರಡೂ ತೆಗ್ದದ್ದು ಟೀಚರೇ. ಹೇಗುಂಟು?" ಎಂದ ಜಯಶೀಲ. ಥಾಣೆಯ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಈ ಶೆಡ್ಡಿನಲ್ಲಿ ಬಿಸಿ ತಂತಿಯಿಂದ ಥರ್ಮೋಕೋಲಿನ ಮಖರ, ಅಂದರೆ ಗಣಪತಿ ಕೂರಿಸುವ ಮಂಟಪ, ಕೊಯ್ಯುವುದು ಅವನ ಕಸುಬು. ಮಖರದ ತುಂಡುಗಳು ಕೂಡದಿದ್ದರೆ ಗಿರಾಕಿ ಬೈಯುತ್ತಾನೆ. ಖಂಡಗಳಿಗೂ ಅದೇ ನ್ಯಾಯವೆಂದುಕೊಂಡಿದ್ದ, ಪಾಪ.

ಲಾತೂರಿನ ಭೂಕಂಪವಾದ ಮೇಲೆ ಅವಳ ಶಾಲೆಯ ಮಕ್ಕಳೆಲ್ಲ ನೆಲ ಯಾಕೆ ಅಲುಗುತ್ತದೆಂದು ಕೇಳತೊಡಗಿದ್ದರು. ಅದಕ್ಕಾಗಿಯೇ ಶಾಲೆಯಲ್ಲೊಂದು ಪ್ರದರ್ಶನ, ಪ್ರದರ್ಶನಕ್ಕೆ ಈ ಖಂಡಗಳು.

"ಇದು ಮೋಸ," ಎಂದಳು ವಿನೋದಾ, ಹಾಜರಿ ಕೂಗುವ ದನಿಯಲ್ಲಿ. "ನಿಜವಾದ ದಡಗಳು ಇಷ್ಟು ಚಂದ ಕೂಡುದಿಲ್ಲ. ನೀರಿನಡಿಯ ಅಂಚು ಸೇರಿಸಿದ್ರೆ ಹತ್ತಿರ ಬರ್ತವೆ. ಆಗ್ಲೂ ಅಲ್ಲಲ್ಲಿ ಸಂದಿ ಉಳೀತದೆ."

"ಸಂದಿ ಇದ್ರೆ ಮೊದ್ಲು ಒಂದೇ ಇದ್ದದ್ದು ಅಂತ ಯಾರು ನಂಬ್ತಾರೆ ಮಾರಾಯ್ರೆ?"

"ಬರೀ ಅಂಚು ನೋಡಿ ನಂಬಬಾರ್ದು. ಇಲ್ಲಿಯ ಕಲ್ಲಿನ ಪದರ ಅಲ್ಲಿ ಮುಂದುವರೀತದೆ. ಹಲ್ಲಿಯಂಥ ಒಂದು ಪ್ರಾಣಿಯ ಮೂಳೆ ಎರಡೂ ಕಡೆ ಸಿಕ್ಕಿದೆ. ಅದು ಸಮುದ್ರ ಈಜಿ ದಾಟುವ ಪ್ರಾಣಿಯಲ್ಲ."

ಅವನು ಫ್ಲಾಸ್ಕಿನಿಂದ ಚಾ ಬಗ್ಗಿಸಿ ಕೊಟ್ಟ. ಎಂದಿನಂತೆ ಲೋಟದತ್ತ ನೋಡದೆಯೇ ಕುಡಿದು ಮುಗಿಸಿದಳು.

"ಜಾತಕವೂ ಹೀಗೇ ಕೂಡಿತ್ತು," ಎಂದಳು, ರೈಲಿನ ಟೈಮ್ ಹೇಳುವವಳಂತೆ. ದೇವರೇ ಕೂಡಿಸಿದ ಜೋಡಿ ಎಂದು ಜೋಯಿಸರು ಹೊಗಳಿದ್ದರು. ಹೋದ ವರ್ಷ ನಿಶ್ಚಿತಾರ್ಥವಾಗಿ ಹಾಲ್ ಬುಕ್ ಆದ ಮೇಲೆ ವರ ಯಜ್ಞೇಶ್ವರ ಇನ್ನೊಬ್ಬಳನ್ನು ಮದುವೆಯಾದ. ವಿನೋದಾ ಅಳಲಿಲ್ಲ. ಡೊಂಬಿವಲಿಯಲ್ಲಿ ಲೋಕಲ್ ಹತ್ತಿದಳು, ಥಾಣೆಯಲ್ಲಿ ಇಳಿದಳು, ಪಾಠ ಮಾಡಿದಳು. ಈಗ ಅಣ್ಣ ಲೋಕನಾಥ ಮತ್ತೊಂದು ಜಾತಕ ಕೂಡಿಸಿದ್ದ. ಭಾನುವಾರ ಮಾತು ಕೊಡುವವನಿದ್ದ. ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಯಾರು ತಾಳಿ ಕಟ್ಟಿದರೇನು ಅನ್ನಿಸಿತ್ತು.

ಜಯಶೀಲ ಥರ್ಮೋಕೋಲಿನ ಹೊಸ ಹಲಗೆ ತೆಗೆದ.

ಶನಿವಾರ ಹೋದಾಗ ಖಂಡಗಳು ಸಿದ್ಧವಾಗಿದ್ದವು. ದಡದಾಚೆ ನೀಲಿ ಅಂಚು, ನಡುವೆ ಸಂದಿ. ಅವನು ಎರಡನ್ನೂ ಎತ್ತಿ ಹಿಡಿದು ಆ ಸಂದಿಯಿಂದ ಅವಳನ್ನು ಇಣುಕಿ ನೋಡಿದ. ಅವನ ಒಂದೇ ಕಣ್ಣು ಕಾಣುತ್ತಿತ್ತು, ಅದೂ ಹೆದರಿದ ಕಣ್ಣು. ಎರಡು ಖಂಡಗಳ ಮೇಲೂ ಆ ಪ್ರಾಣಿಯನ್ನು ಅಂಟಿಸಿದ್ದ. ಮಖರದವನ ಕೈ, ಹಲ್ಲಿ ಹೋಗಿ ಗಣಪತಿಯ ಇಲಿಯಾಗಿತ್ತು.

ವಿನೋದಾಳ ತುಟಿಯ ಒಂದು ತುದಿ ಅಲುಗಿತು. ಅವಳಿಗೇ ಆಶ್ಚರ್ಯವಾಯಿತು. ಮುಖ ಮರೆಸಲು, ಅವನು ಬಗ್ಗಿಸಿಟ್ಟಿದ್ದ ಚಾದ ಲೋಟ ಎತ್ತಿ ಒಂದು ಗುಟುಕು ಕುಡಿದಳು, ನಿಲ್ಲಿಸಿದಳು.

"ಇದಕ್ಕೆ ಸಕ್ಕರೆ ಇಲ್ಲ."

ಜಯಶೀಲ ಖಂಡಗಳನ್ನು ಮೆಲ್ಲಗೆ ಕೆಳಗಿಟ್ಟ. "ಮೊದಲ ದಿನದಿಂದಲೂ ಇರ್ಲಿಲ್ಲ ಟೀಚರೇ. ಅವತ್ತು ಹಾಕ್ಲಿಕ್ಕೆ ಮರ್ತಿದ್ದೆ. ನೀವು ಪೂರ್ತಿ ಕುಡಿದ್ರಿ. ಆಮೇಲೆ ಬೇಕಂತಲೇ ಹಾಕ್ಲಿಲ್ಲ."

"ಯಾಕೆ?"

"ನಿಮಗೆ ರುಚಿ ಗೊತ್ತಾದ ದಿನ ಒಂದು ಮಾತು ಹೇಳುವ ಅಂತಿತ್ತು. ನೀವಂದ್ರೆ ನಂಗೆ ಇಷ್ಟ. ಜಾತಕ ಕೂಡ್ತದೋ ಇಲ್ವೋ ಗೊತ್ತಿಲ್ಲ."

ಅವಳು ಖಂಡದ ನೀಲಿ ಅಂಚಿನ ಮೇಲೆ ಬೆರಳಾಡಿಸಿದಳು. "ನಂಗೆ ಏನೂ ಅನ್ನಿಸುದಿಲ್ಲ ಜಯಶೀಲರೇ. ಅನ್ನಿಸಿದ್ರೂ ಈ ಖಂಡಗಳಷ್ಟೇ ನಿಧಾನ. ವರ್ಷಕ್ಕೆ ಒಂದಿಂಚು."

"ನಿಂತಿಲ್ಲ ಅಲ್ಲ? ಸಾಕು."

ವಿನೋದಾ ಲೋಟವನ್ನು ಅವನ ಮುಂದೆ ಹಿಡಿದಳು.

"ಸಕ್ಕರೆ ಹಾಕಿ. ಕುಡಿದು ಹೋಗಿ ಅಣ್ಣನಿಗೆ ಆ ಜಾತಕ ಬೇಡ ಅಂತ ಹೇಳ್ಬೇಕು."