ಮೂರನೇ ನೋಟ್‌ಬುಕ್ಕು ಕಾಣೆಯಾದದ್ದು

"ಕಳುವಾಗೈತಿ ಅಂದ್ರ ಸ್ಟೇಷನ್ನಿನಾಗ ನಗ್ತಾರಮ್ಮಾ. ಹೋಗಿರೋದು ಒಂದು ನೋಟ್‌ಬುಕ್ಕು."

ಕುರುಗೋಡಿನಿಂದ ಬೆಳಗಿನ ಬಸ್ಸಿಗೇ ಬಂದಿದ್ದ ಸುಧಾರಾಣಿ ಇಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು. ಹೊಲಿದು ಬಂದ ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸುತ್ತ ಕುಳಿತಿದ್ದ ಮೀನಾಕ್ಷಿ ಕೈ ನಿಲ್ಲಿಸಿದಳು.

ಬಳ್ಳಾರಿಯ ಕೋಟೆಗುಡ್ಡದ ಕೆಳಗಿನ ಆ ಎರಡು ಕೋಣೆಯ ಮನೆ ಸಾವಂತ್ರಮ್ಮನದು. ಪೊಲೀಸ್ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದ ಮೇಲೂ ಜನ ತಮ್ಮ ತೊಡಕುಗಳನ್ನು ಹೊತ್ತು ಆಕೆಯಲ್ಲಿಗೆ ಬರುವುದು ನಿಂತಿರಲಿಲ್ಲ. ಎಂಟು ವರ್ಷದ ಹಿಂದೆ ಗಂಡನ ಮನೆ ಬಿಟ್ಟು ಬಂದಿದ್ದ ತಂಗಿ ಮೀನಾಕ್ಷಿ ಅಂದಿನಿಂದ ಇಲ್ಲೇ ಇದ್ದಳು. ಅಕ್ಕ ಎಲ್ಲಿಗೆ ಹೊರಟರೂ ಬೆನ್ನಿಗಿರುತ್ತಿದ್ದಳು.

"ಮೊದಲಿಂದ ಹೇಳವ್ವಾ," ಎಂದಳು ಸಾವಂತ್ರಮ್ಮ.

ಸುಧಾರಾಣಿ ಆರು ವರ್ಷ ಕೂತು ಒಂದು ಕಾದಂಬರಿ ಬರೆದಿದ್ದಳು. ಅದು ಆಕೆಯ ನಾದಿನಿ ಕೊಟ್ರಬಸಮ್ಮನ ಕತೆ. ಓದಬೇಕೆಂದು ಹಟ ಹಿಡಿದಿದ್ದ ಆ ಹುಡುಗಿಯನ್ನು ಹತ್ತೊಂಬತ್ತಕ್ಕೇ ಹಚ್ಚೊಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದರು. ವರ್ಷ ತುಂಬುವ ಮೊದಲೇ ಮನೆ ಬಿಟ್ಟವಳು ಸಿರುಗುಪ್ಪದ ಹತ್ತಿರ ಕಾಲುವೆಯಲ್ಲಿ ಹೆಣವಾಗಿ ಸಿಕ್ಕಿದ್ದಳು. ಇದಾಗಿ ಇಪ್ಪತ್ತಾರು ವರ್ಷ.

"ನಾ ಸೊಸಿಯಾಗಿ ಬಂದಾಗ ಆಕಿ ಹೆಸರೂ ಯಾರೂ ಎತ್ತುತಿರಲಿಲ್ಲ. ಆಕಿ ಪುಸ್ತಕ ಎಲ್ಲಾ ನಮ್ಮ ಅಟ್ಟದ ಮ್ಯಾಲೆ ಬಿದ್ದಿದ್ದವು. ಒಂದನ್ನೂ ಗಂಡನ ಮನಿಗೆ ಒಯ್ಯಾಕ ಬಿಟ್ಟಿರಲಿಲ್ಲಂತ. ಅವನ್ನ ನೋಡೇ ಬರಿಬೇಕು ಅನ್ನಿಸ್ತು. ಮನಿ ಬಿಟ್ಟ ಮ್ಯಾಲಿಂದೆಲ್ಲಾ ನನ್ನ ಕಲ್ಪನಿ. ನನ್ನ ಕತಿಯಾಗ ಆಕಿ ಸಾಯಂಗಿಲ್ಲ. ಓದಿ ಟೀಚರ್ ಆಗ್ತಾಳ."

ನಾಲ್ಕು ನೋಟ್‌ಬುಕ್ಕು. ಎಲ್ಲಕ್ಕೂ ಒಂದೇ ಥರದ ಕಂದು ರಟ್ಟು, ಮೇಲೆ ಹೆಸರಿಲ್ಲ, ಅಂಕಿಯಿಲ್ಲ. ಮೊದಲೆರಡನ್ನು ಗಂಡ ಉಜ್ಜಿನಪ್ಪನೂ ಮಗಳು ಚೈತ್ರಾಳೂ ಓದಿದ್ದರು. ಉಳಿದೆರಡನ್ನು ಆಕೆ ಯಾರಿಗೂ ತೋರಿಸಿರಲಿಲ್ಲ, ಅದರಲ್ಲೇನಿದೆಯೆಂದು ಹೇಳಿಯೂ ಇರಲಿಲ್ಲ. ವಾರದೊಳಗೆ ಅಚ್ಚಿಗೆ ಕೊಡಬೇಕು. ಶನಿವಾರ ನೆಂಟರ ಮನೆಯ ತೊಟ್ಟಿಲ ಶಾಸ್ತ್ರಕ್ಕೆ ಹೋಗಿ ಬರುವಷ್ಟರಲ್ಲಿ ಗೋಡೆಯ ಗೂಡಿನಲ್ಲಿದ್ದ ಕಟ್ಟಿನಿಂದ ಮೂರನೆಯದು ಮಾಯವಾಗಿತ್ತು.

"ಮನ್ಯಾಗ ಯಾರಿದ್ರು?"

"ನಮ್ಮತ್ತಿ ಒಬ್ರೇ. ಅವರಿಗೆ ಓದಾಕ ಬರಂಗಿಲ್ಲ, ಹೆಬ್ಬೆಟ್ಟು. ಇವ್ರು ಕುಡತಿನಿಯಾಗ ಡ್ಯೂಟಿಗಿದ್ರು, ಚೈತ್ರಾ ಕಾಲೇಜಿಗೆ ಹೋಗಿದ್ಲು. ಮೈದುನ ಹುಲಿಗೇಶ್ ಸಿರುಗುಪ್ಪದಿಂದ ಅಕ್ಕಿ ಚೀಲ ತಂದು ಇಳಿಸಿ ಹೋಗಿದ್ದ. ಈ ಕತಿ ಅಂದ್ರ ಅವನಿಗೆ ಆಗಂಗಿಲ್ಲ."

ಕಳ್ಳ ಯಾರೆಂದು ಮೀನಾಕ್ಷಿ ಅಲ್ಲೇ ನಿರ್ಧರಿಸಿಬಿಟ್ಟಳು.

ಮಧ್ಯಾಹ್ನ ಮೂವರೂ ಕುರುಗೋಡಿಗೆ ಹೋದರು. ಸಾವಂತ್ರಮ್ಮ ಕಟ್ಟು ಬಿಚ್ಚಿಸಿದಳು. ಒಂದು, ಎರಡು, ನಾಲ್ಕು. ಕ್ರಮ ತಪ್ಪಿರಲಿಲ್ಲ, ದಾರ ಮೊದಲಿನಂತೆಯೇ ಗಂಟು ಹಾಕಿತ್ತು.

ಒಳಗೋಣೆಯ ಮಂಚದ ಮೇಲೆ ಅತ್ತೆ ಚನ್ನವೀರಮ್ಮ ಕುಳಿತಿದ್ದಳು. ವಯಸ್ಸು ಎಪ್ಪತ್ತು ದಾಟಿತ್ತು. ಎದುರಿಗೆ ಮಾತ್ರೆಯ ಎರಡು ಕಾಗದದ ಪೊಟ್ಟಣ, ಒಂದರ ಮೇಲೆ ಚೈತ್ರಾ 'ಮಧ್ಯಾಹ್ನ' ಎಂದೂ ಇನ್ನೊಂದರ ಮೇಲೆ 'ರಾತ್ರಿ' ಎಂದೂ ಬರೆದಿದ್ದಳು. ಮುದುಕಿ ಒಂದನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದು ಕೆಳಗಿಟ್ಟಳು. ಇನ್ನೊಂದನ್ನು ಬಿಚ್ಚಿ ಮಾತ್ರೆ ನುಂಗಿದಳು.

"ನಿಮ್ಮ ಮಗಳ ವಿಚಾರ ಕೇಳಾಕ ಬಂದೀನಿ," ಎಂದಳು ಸಾವಂತ್ರಮ್ಮ.

"ಏನು ಹೇಳ್ಲಿ ತಾಯೀ. ಪುಸ್ತಕದ ಗಂಟು ತೊಡಿ ಮ್ಯಾಲಿಟ್ಕೊಂಡು ಹಚ್ಚೊಳ್ಳಿಯಿಂದ ಬಸ್ಸಿನಾಗ ಕಿಟಕಿ ಕಡಿ ಕುಂತು ಹೊಂಟ ಕೂಸು. ಅದರ ಹಣೇಬರ ಹಂಗಿತ್ತು."

ಮರುದಿನ ಸಿರುಗುಪ್ಪದಲ್ಲಿ ಹುಲಿಗೇಶ್ ಟ್ರ್ಯಾಕ್ಟರಿನಿಂದ ಇಳಿಯದೆಯೇ ಮಾತಾಡಿದ.

"ನನ್ನ ಕೈಗೆ ಸಿಕ್ಕಿದ್ರ ನಾಲ್ಕೂ ಸುಡ್ತಿದ್ದೆ. ಒಂದೇ ಯಾಕ ಒಯ್ಯಲಿ? ಬುಧವಾರ ಮನಿ ಬಿಟ್ಲು, ಶುಕ್ರವಾರ ಕಾಲುವ್ಯಾಗ ಸಿಕ್ಲು. ಅಷ್ಟೇ ಕತಿ. ಅದನ್ನ ಊರಿಗೆಲ್ಲಾ ಸಾರಬೇಕೇನು?"

"ಗುರುವಾರ ಎಲ್ಲಿದ್ಲು?"

ಹುಲಿಗೇಶ್ ಟ್ರ್ಯಾಕ್ಟರಿನಿಂದ ಕೆಳಗಿಳಿದ. ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿದಂತಿರಲಿಲ್ಲ.

"ನಾಳೆ ಕುರುಗೋಡಿಗೆ ಬರ್ರಿ. ಎಲ್ಲರೂ ಇರಬೇಕು," ಎಂದು ಸಾವಂತ್ರಮ್ಮ ಬಸ್‌ಸ್ಟ್ಯಾಂಡಿನ ಕಡೆ ತಿರುಗಿದಳು.

ಮಂಗಳವಾರ ಪಡಸಾಲೆಯಲ್ಲಿ ಮನೆಯವರೆಲ್ಲ ಸೇರಿದರು. ಉಜ್ಜಿನಪ್ಪ ರಜೆ ಹಾಕಿ ಉಳಿದಿದ್ದ. ಚೈತ್ರಾ ಅಜ್ಜಿಯನ್ನು ಕೈಹಿಡಿದು ಕರೆತಂದು ಕೂರಿಸಿದಳು. ಮುದುಕಿ ತನ್ನ ಕೌದಿಯನ್ನು ಮಡಿಲಲ್ಲಿ ಅವಚಿಕೊಂಡೇ ಬಂದಿದ್ದಳು.

"ಮಾನಕ್ಕ ಅಂಜಿದವರು ಕಟ್ಟನ್ನೇ ಒಯ್ಯತಿದ್ರು," ಎಂದು ಸಾವಂತ್ರಮ್ಮ ಶುರುಮಾಡಿದಳು. "ಹಂಗಾಗಿ ಹುಲಿಗೇಶ್ ಅಲ್ಲ. ರಟ್ಟಿನ ಮ್ಯಾಲೆ ಅಂಕಿ ಇಲ್ಲ. ಆದ್ರೂ ಮೂರನೇದನ್ನೇ ಆರಿಸಿ, ಉಳಿದದ್ದನ್ನ ಕ್ರಮವಾಗಿ ಕಟ್ಟಿಟ್ಟಾರ. ಅಂದ್ರ ಒಯ್ದವರು ಎಲ್ಲಾ ಓದ್ಯಾರ. ಗಡಿಬಿಡಿ ಇಲ್ಲದಂಗ, ಮನ್ಯಾಗ ಕುಂತು ಓದ್ಯಾರ."

ಆಕೆ ಮುದುಕಿಯತ್ತ ತಿರುಗಿದಳು. "ಅಮ್ಮಾ, ಪೊಟ್ಟಣದ ಮ್ಯಾಲಿನ ಅಕ್ಷರ ನೋಡಿ ಮಾತ್ರಿ ತಗೊಂಡ್ರಿ. ಅದೊಂದೇ ಆಗಿದ್ರ ಗುರ್ತು ಹಿಡಿದ್ರಿ ಅಂತ ಬಿಡ್ತಿದ್ದೆ. ಆದ್ರ ಬಸ್ಸಿನಾಗ ಮಗಳ ತೊಡಿ ಮ್ಯಾಲೆ ಪುಸ್ತಕದ ಗಂಟಿತ್ತು ಅಂದ್ರಿ. ಆಕಿ ಪುಸ್ತಕ ಈ ಮನಿ ಅಟ್ಟ ಬಿಟ್ಟು ಎಲ್ಲಿಗೂ ಹೋಗಿಲ್ಲ. ಸುಧಾರಾಣಿ, ಆ ಗಂಟು ಎಲ್ಲಿಂದ ಬಂತು?"

ಸುಧಾರಾಣಿಯ ದನಿ ಮೆಲ್ಲಗಾಯಿತು. "ನಾ ಬರೆದಿದ್ದು. ಮೂರನೇದರಾಗ."

ಚೈತ್ರಾ ಅಜ್ಜಿಯ ಮುಖವನ್ನೇ ನೋಡಿದಳು. ಚನ್ನವೀರಮ್ಮ ಕೌದಿಯ ಮಡಿಕೆ ಬಿಡಿಸಿ ಕಂದು ರಟ್ಟಿನ ನೋಟ್‌ಬುಕ್ಕನ್ನು ಹೊರತೆಗೆದು ನೆಲದ ಮೇಲಿಟ್ಟಳು.

"ಈ ಚೈತ್ರಾ ಸಣ್ಣಾಕಿದ್ದಾಗ ಸ್ಲೇಟಿನ ಮ್ಯಾಲೆ ತಿದ್ದುವಾಗ ಹಿಂದ ಕುಂತು ಅಕ್ಕಿ ಆರಿಸ್ತಿದ್ದೆ. ಆಗ ಕಲ್ತೆ. ಯಾರಿಗೂ ಹೇಳಲಿಲ್ಲ. ನನ್ನ ಮಗಳು ಪ್ರಾಣ ಬಿಡೋವಂಥಾದ್ದು ಅಟ್ಟದ ಮ್ಯಾಲಿನ ಆ ಪುಸ್ತಕದಾಗ ಏನಿತ್ತು ಅಂತ ನೋಡಬೇಕಿತ್ತು."

"ಮತ್ತ ಇದನ್ಯಾಕ ಮುಚ್ಚಿಟ್ಟಿ ಯವ್ವಾ?" ಎಂದ ಉಜ್ಜಿನಪ್ಪ.

"ಸುಳ್ಳು ಐತಿ ಇದರಾಗ." ಮುದುಕಿ ಸೊಸೆಯತ್ತ ನೋಡಿದಳು. "ನಡು ಮಧ್ಯಾಹ್ನ ಮಗಳು ಬಂದು ಬಾಗ್ಲಾ ಬಡದ್ಲು ಅಂತ ಬರದಿ. ಅದು ಖರೇನ. ನಿನಗ ಹೆಂಗ ಹೊಳೀತೋ. ಅವತ್ತು ಗುರುವಾರ, ಮನ್ಯಾಗ ನಾ ಒಬ್ಬಾಕಿನೇ ಇದ್ದೆ. ಅವ್ವ ಬಾಗ್ಲಾ ತೆಗದು, ಕೈಕಾಲಿಗೆ ನೀರು ಕೊಟ್ಟು, ಉಣ್ಣಾಕ ಹಾಕಿದ್ಲು ಅಂತ ಮುಂದ ಬರದಿ. ನಾ ಅಗಳಿ ಹಾಕ್ಕೊಂಡು ಒಳಗ ಕುಂತಿದ್ದೆ. ಗಂಡನ್ನ ಬಿಟ್ಟು ಬಂದಾಕಿನ್ನ ಒಳಗ ಕರಕೊಂಡ್ರ ಇವರಪ್ಪ ಏನಂತಾನೋ, ಓಣಿಯಾಗ ಏನಂತಾರೋ ಅಂತ. ಅವ್ವಾ ಅಂತ ಕರದ್ಲು. ಬಾಳೊತ್ತು ಕರದ್ಲು. ಆಮ್ಯಾಲೆ ಸುಮ್ಮನಾದ್ಲು."

ಉಜ್ಜಿನಪ್ಪ ಎದ್ದು ಚಪ್ಪಲಿ ಮೆಟ್ಟದೆ ಬೀದಿಗಿಳಿದು ಹೋದ. ಮೀನಾಕ್ಷಿಗೆ ಮುದುಕಿಯ ಮುಖ ನೋಡಲಾಗಲಿಲ್ಲ. ಕನಿಕರವೋ ಸಿಟ್ಟೋ ಆಕೆಗೇ ತಿಳಿಯಲಿಲ್ಲ.

"ಅಚ್ಚಾದ್ರ ಊರು ಇದನ್ನ ಓದ್ತೈತಿ," ಎಂದಳು ಚನ್ನವೀರಮ್ಮ. "ಎಂಥಾ ತಾಯಿ ಅಂತ ನನಗ ಕೈ ಮುಗಿತಾರ. ಅದು ನನಗ ಬ್ಯಾಡ."

ಹುಲಿಗೇಶನ ಕಣ್ಣು ಕೆಂಪಾಗಿತ್ತು. "ಅತ್ತಿಗೀ, ಇಲ್ಲಿಗೇ ಬಿಟ್ಟುಬಿಡ್ರಿ. ಏನೂ ಬರಿಬ್ಯಾಡ್ರಿ."

"ನೀ ಸುಮ್ಮನಿರಲೇ," ಎಂದಳು ತಾಯಿ. "ಸುಧಾ, ಪೆನ್ನು ತಗೋ."

ಸುಧಾರಾಣಿ ಆ ಪುಟ ಹುಡುಕಿ ಐದಾರು ಸಾಲು ಹೊಡೆದುಹಾಕಿದಳು. ಅಂಚಿನಲ್ಲಿ ಏನೋ ಬರೆದಳು. ಚನ್ನವೀರಮ್ಮ ಎದ್ದು ಬಂದು ಆಕೆಯ ಪಕ್ಕ ಕುಳಿತು, ಬೆರಳನ್ನು ಅಕ್ಷರಗಳ ಕೆಳಗೆ ಸರಿಸುತ್ತ, ತುಟಿ ಅಲ್ಲಾಡಿಸುತ್ತ ಓದಿದಳು. ಒಂದು ಪದದ ಹತ್ತಿರ ಬೆರಳು ನಿಂತಿತು.

"'ತಾಯಿಗೆ ಬಾಗಿಲು ತೆರೆಯಲಾಗಲಿಲ್ಲ' ಅಂತ ಬರದಿ," ಎಂದಳು. "ಹಂಗಲ್ಲ ಸುಧಾ. 'ತಾಯಿ ಬಾಗಿಲು ತೆರೆಯಲಿಲ್ಲ' ಅಂತ ಬರಿ."