ಅಲುಗದ ಗೋಡೆಯ ಲೆಕ್ಕ

2011ರ ಸೆಪ್ಟೆಂಬರ್ 28, ಬುಧವಾರ. ಬೆಳಗ್ಗೆ ಒಂಬತ್ತಕ್ಕೆ ನಾಗೇಶ ಜಹೀರಾಬಾದ್ ಠಾಣೆಗೆ ದೂರು ತಂದ. ನಾರಾಯಣಖೇಡ ರಸ್ತೆಯ ಅವನ ಕಾರ್ಖಾನೆಯಲ್ಲಿ ಪುಟ್ಟ ರಾಕೆಟ್ ಎಂಜಿನ್ನುಗಳು ತಯಾರಾಗುತ್ತಿದ್ದವು. ಅಂದು ಮೊದಲ ಸಲ ಹೊತ್ತಿಸಬೇಕಿದ್ದ ಎಂಜಿನ್ನಿನ ಕೇಬಲನ್ನು ಯಾರೋ ಕತ್ತರಿಸಿದ್ದರು.

"ಚಳವಳಿ ಮಂದೀದೇ ಕೆಲಸ ಸಾಬ್," ಎಂದ ನಾಗೇಶ.

ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಸಕಲ ಜನರ ಮುಷ್ಕರ ನಡೆದಿತ್ತು. ಮನೆಯಲ್ಲಿ ಹಾಲು ಒಡೆದರೂ ಚಳವಳಿಯವರ ತಲೆಗೇ ಕಟ್ಟುವ ಕಾಲ. ಇನ್ಸ್‌ಪೆಕ್ಟರ್ ಅಮೋಘಸಿದ್ದನಿಗೆ ಈ ಮಾತು ಕೇಳಿ ಕೇಳಿ ಸಾಕಾಗಿತ್ತು. ಎಫ್‌ಐಆರ್ ಬರೆಸಿ, ಕಾನ್‌ಸ್ಟೆಬಲ್ ಬಾಳಮ್ಮನೊಂದಿಗೆ ಜೀಪು ಹತ್ತಿದ.

ಪಂಚನಾಮೆ ಮಾಡುವಾಗ ಕಂಡಿತು: ಕತ್ತರಿಸಿದ ಎರಡೂ ತುದಿಗಳಿಗೆ ಟೇಪು ಸುತ್ತಿತ್ತು. ಯಾರಿಗೂ ಶಾಕ್ ಹೊಡೆಯದಿರಲಿ ಎಂದು ಯೋಚಿಸುವವರು ಹೊರಗಿನ ಪುಂಡರಲ್ಲ. ಎಂಜಿನ್ ಇದ್ದ ಶೆಡ್ಡಿನ ಬೀಗವೂ ಮುರಿದಿರಲಿಲ್ಲ.

"ಕೀಲಿ ಯಾರ್ ಹತ್ರ ಅದಾವ?"

"ನನ್ ಹತ್ರ, ವೆಲ್ಡರ್ ಸಾಯಪ್ಪನ ಹತ್ರ, ಎಂಜಿನಿಯರ್ ಅರ್ಪಿತಾ ಹತ್ರ."

ಬೆಂಕಿ ಹೊರನುಗ್ಗುವ ಕೊಳವೆ, ಅಂದರೆ ನಾಜಲ್, ತಾಳುತ್ತದೋ ಇಲ್ಲವೋ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವಳು ತಾಂಡೂರಿನ ಅರ್ಪಿತಾ. "ನಂಗೇನೂ ಗೊತ್ತಿಲ್ರಿ," ಎಂದಳು.

ಅಷ್ಟರಲ್ಲಿ ನಾಗೇಶ ಕೇಬಲ್ ಜೋಡಿಸಿ, ಪೊಲೀಸ್ ಕಾವಲಿನಲ್ಲೇ ಎಂಜಿನ್ ಹೊತ್ತಿಸುತ್ತೇನೆಂದು ಪಟ್ಟು ಹಿಡಿದ. ನಾಜಲ್ ಬೆಸೆದವನೇ ತೆಂಗಿನಕಾಯಿ ಒಡೆದು, ಎಂಜಿನ್ ಪಕ್ಕದ ಮರಳುಚೀಲಗಳ ಹಿಂದೆ ನಿಲ್ಲುವುದು ಅಲ್ಲಿನ ರೂಢಿ. ತನ್ನ ಬೆಸುಗೆಗೆ ತಾನೇ ಜಾಮೀನು ಎಂಬಂತೆ. ಸಾಯಪ್ಪ ಹೋಗಿ ನಿಂತ. ಕಾವಲಿಗೆಂದು ಅಮೋಘಸಿದ್ದ ಬಾಳಮ್ಮನನ್ನೂ ಅಲ್ಲಿಗೇ ಕಳಿಸಿದ.

ದೂರದ ಕೋಣೆಯಲ್ಲಿ ನಾಗೇಶ ಸ್ವಿಚ್ಚಿಗೆ ಕೈ ಹಾಕಿದ. ಅರ್ಪಿತಾ ಕಿಟಕಿಯಿಂದ ಒಮ್ಮೆ ನೋಡಿದಳು. ಮರುಕ್ಷಣ ಅವನ ಕೈ ಮೇಲೆ ಬಿದ್ದಳು.

"ಬ್ಯಾಡ್ರಿ! ಅವರಿಬ್ಬರೂ ಸಾಯ್ತಾರ!"

ಅಮೋಘಸಿದ್ದ ಕೋಣೆಯಿಂದ ಓಡಿಹೋಗಿ ಇಬ್ಬರನ್ನೂ ಹೊರಗೆಳೆದ. ಬಾಳಮ್ಮನನ್ನು ಅಲ್ಲಿ ನಿಲ್ಲಿಸಿದ್ದು ತಾನೇ.

"ಏನ್ ಮಾಡೀಯಮ್ಮ?" ಎಂದು ತಿರುಗಿ ಬಂದು ಅರ್ಪಿತಾಳನ್ನು ಕೇಳಿದ.

"ಬಿಸಿ ಗಾಳಿ ನಾಜಲ್ ಗೋಡಿ ತಳ್ತದ್ರಿ. ಗೋಡಿ ಬಾಗಿದ್ರ ಗಾಳಿ ದಾರಿ ಬದಲಾಗ್ತದ, ಮತ್ತ ಗೋಡಿ ತಳ್ತದ. ಎರಡೂ ಕೂಡಿಸಿ ಲೆಕ್ಕ ಮಾಡ್ಬೇಕು. ಮುಷ್ಕರದಾಗ ಕರೆಂಟ್ ಹೋಗಿ ಪ್ರತಿ ಸಲ ಅರ್ಧಕ್ಕೇ ನಿಂತ್ಹೋತು. ಮಾಲಕ್ರು ಅವಸರ ಮಾಡಿದ್ರು. ಗೋಡಿ ಅಲುಗೋದೇ ಇಲ್ಲಂತ ಹಿಡಿದು, ಬರೀ ಗಾಳಿ ಲೆಕ್ಕ ಮಾಡಿ, ಎರಡೂ ಆತು ಅಂತ ಸಹಿ ಹಾಕಿದೆ."

"ತಪ್ಪು ಯಾವಾಗ ತಿಳೀತು?"

"ನಿನ್ನಿ. ಬಾಡಿಗಿ ಜನರೇಟರ್ ಬಂತು, ಅದರ ಮ್ಯಾಲ ಲೆಕ್ಕ ಪೂರ್ತಿ ಮಾಡಿದೆ. ಹೊತ್ತಿಸಿದ ಕೂಡ್ಲೇ ಗೋಡಿ ನಡುಗಿ ಹರಿದು, ಎಂಜಿನ್ನೇ ಸಿಡೀತದ್ರಿ."

"ಬಾಯಿ ಬಿಟ್ಟು ಹೇಳಾಕ ಏನಾಗಿತ್ತು?"

"ಅಂಜಿಕಿ ಆತ್ರಿ. ವೈರ್ ಕತ್ತರಿಸಿದ್ರ ಒಂದಿಷ್ಟು ದಿನ ಸಿಗ್ತಾವ, ಯಾರಿಗೂ ತಿಳೀದಂಗ ಸರಿ ಮಾಡ್ತೀನಿ ಅಂದ್ಕೊಂಡೆ."

ಮಧ್ಯಾಹ್ನ 12.40ಕ್ಕೆ ಬಾಳಮ್ಮ ಅವಳನ್ನು ಬಂಧಿಸಿದಳು. ಪರೀಕ್ಷೆ ನಿಂತಿತು, ನಾಗೇಶನಿಗೂ ನೋಟಿಸು ಕೊಟ್ಟರು. ಅವಳಿಗೆ ಯಾರ ಮೇಲೂ ದ್ವೇಷವಿರಲಿಲ್ಲ. ಸುಳ್ಳು ಸಹಿ ಹಾಕಿದೆ ಎಂಬ ಒಂದು ಮಾತು ಬಾಯಿಂದ ಬಾರದೆ ಇಷ್ಟೆಲ್ಲ ಆಯಿತು ಎಂದು ಅಮೋಘಸಿದ್ದ ವರದಿಯಲ್ಲಿ ಬರೆದ.

ಸಾಯಪ್ಪ ಜೀಪಿನ ತನಕ ಬಂದ.

"ನಿನ್ನೀನೇ ಗೊತ್ತಿತ್ತಂದ್ರ, ಇವತ್ತು ಮುಂಜಾನಿ ನನ್ ಜೋಡಿ ಕುಂತು ಚಾ ಹ್ಯಾಂಗ್ ಕುಡದ್ರಿ ಅಕ್ಕೋರೆ?"

ಅರ್ಪಿತಾ ಮುಖ ಮುಚ್ಚಿಕೊಂಡಳು.